ಬೆಲ್ಲ ಕುಡಿದ ಪಿಸ್ತೂಲು

ಕೋವಿ ರಿಪೇರಿ ಕಸುಬಿಗೆ ಈಗ ಸೇರುವ ಹುಡುಗರಿಗೆ ಕರೆಂಟಿನ ಸಾಣೆ ಇದೆ, ಲೇತು ಇದೆ, ಚಿತ್ರ ಹಾಕಿದ ಪುಸ್ತಕಗಳಿವೆ. ಅವರಲ್ಲಿ ಒಬ್ಬಿಬ್ಬರು ಆಗಾಗ ವಿದ್ಯಾರಣ್ಯಪುರಂನ ನಮ್ಮ ಮನೆಗೆ ಬಂದು, "ಗೌಡ್ರೇ, ನಿಮ್ ಕಾಲದ್ದು ಏನಾರ ಹೇಳಿ" ಅನ್ನುತ್ತಾರೆ. ಎಷ್ಟು ಕೋವಿ ರಿಪೇರಿ ಮಾಡಿದೆ, ಎಷ್ಟು ಸಂಬಳ ಏರಿತು ಅನ್ನುವುದೆಲ್ಲ ನನಗೆ ನೆನಪಿಲ್ಲ. ನೆನಪಿರುವುದು ಬೆಚ್ಚಿಬಿದ್ದ ದಿನಗಳು ಮಾತ್ರ. ನಮ್ಮ ಕಸುಬಿನಲ್ಲಿ ಬೆಚ್ಚಿಬೀಳದವನು ಹೆಚ್ಚು ದಿನ ಉಳಿಯುವುದೂ ಇಲ್ಲ.

ನಾನು ನಂಜನಗೂಡು ರಸ್ತೆಯ ಪಕ್ಕದ ಒಂದು ಹಳ್ಳಿಯವನು. ಸ್ವಾತಂತ್ರ್ಯ ಬಂದ ಮರುವರ್ಷ ಮೈಸೂರಿಗೆ ಬಂದು, ಪೇಟೆಯ ಒಂದು ಓಣಿಯಲ್ಲಿದ್ದ ಇಸ್ಮಾಯಿಲ್ ಸಾಹೇಬರ ಕೋವಿ ಅಂಗಡಿಗೆ ಸೇರಿದೆ. ಸಾಹೇಬರು ಸಣ್ಣ ಆಳು. ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಸದಾ ಒಂದು ಲವಂಗ. ಅವರ ತಂದೆಯೂ ಕೋವಿ ಕೆಲಸದವರೇ. ಬೈಯುವುದರಲ್ಲಿ ಜೋರು, ಕಲಿಸುವುದರಲ್ಲಿ ಇನ್ನೂ ಜೋರು.

ಸೇರಿದ ಹೊಸತರಲ್ಲೇ ಒಂದು ದಿನ ಎಚ್.ಡಿ. ಕೋಟೆ ಕಡೆಯ ಪಟೇಲರೊಬ್ಬರು ಕಂಬಳಿಯಲ್ಲಿ ಸುತ್ತಿದ ಜೋಡುನಳಿಗೆ ಕೋವಿ ತಂದರು. "ಖಾಲಿ ಐತೆ ಕಣಪ್ಪ, ಓದ ಅಬ್ಬದಾಗೇ ಖಾಲಿ ಮಾಡಿದ್ದು" ಅಂದರು. ದೊಡ್ಡವರ ಮಾತು ಅಂತ ನಂಬಿ ಕಂಬಳಿ ಬಿಚ್ಚಿ ಎತ್ತಿದೆ. ಕಂಬಳಿಯ ದಾರ ಎಲ್ಲಿ ಸಿಕ್ಕಿತ್ತೋ ಏನೋ, ಢಂ ಅಂತ ಒಂದು ನಳಿಗೆ ಹಾರಿಯೇ ಬಿಟ್ಟಿತು. ಮಾಡಿನ ಹೆಂಚು ಪುಡಿಪುಡಿಯಾಗಿ ಮೂವರ ತಲೆಯ ಮೇಲೂ ಬಿತ್ತು. ಪಟೇಲರು ನೆಲಕ್ಕೆ ಕುಕ್ಕರಿಸಿ "ಶಿವಶಿವಾ" ಅನ್ನುತ್ತಿದ್ದರು. ನನ್ನ ಕಿವಿ ಮುಚ್ಚಿಹೋಗಿತ್ತು. ಸಾಹೇಬರು ಪಟೇಲರಿಗೆ ಒಂದು ಮಾತೂ ಅನ್ನಲಿಲ್ಲ. ನನ್ನ ಕಿವಿ ತೆರೆಯುವವರೆಗೂ ಕಾದಿದ್ದು ಹೇಳಿದರು: "ಅವರು ಖಾಲಿ ಅಂದ್ರು, ನೀನು ನಂಬ್ದೆ. ಕೋವೀನ ಕೇಳಿದ್ಯಾ?"

ಅಂದಿನಿಂದ ನಾನು ಮನುಷ್ಯರ ಮಾತಿಗಿಂತ ಕಬ್ಬಿಣದ ಮಾತನ್ನೇ ಹೆಚ್ಚು ನಂಬಿದೆ. ಬಹಳ ವರ್ಷ ಅದೇ ಸರಿ ಅಂದುಕೊಂಡಿದ್ದೆ. ಅಷ್ಟೇ ಸಾಲದು ಅಂತ ಗೊತ್ತಾದದ್ದು ಲಿಂಗರಾಜೇ ಅರಸಿನವರ ಪಿಸ್ತೂಲು ಬಂದಾಗ.

ಬಿಳಿಯರು ಊರು ಬಿಟ್ಟು ಹೋಗುವಾಗ ತಮ್ಮ ಆಯುಧಗಳನ್ನು ಸಿಕ್ಕಿದವರಿಗೆ ಮಾರಿ ಹೋದರು. ಹಾಗೆ ಅಂಗೈಯಲ್ಲಿ ಅಡಗುವಂಥ ಪುಟ್ಟ ಪಿಸ್ತೂಲುಗಳು ನಮ್ಮ ಊರಿನ ಎಷ್ಟೋ ಮನೆ ಸೇರಿದವು. ಸಾಹೇಬರಿಗೆ ಅವನ್ನು ಕಂಡರೆ ಆಗುತ್ತಿರಲಿಲ್ಲ. ಹಳೇ ಕೋವಿಗೆ ಹಿಂಭಾಗದಲ್ಲಿ ಕುದುರೆ, ಅಂದರೆ ತೋಟಾಕ್ಕೆ ಬಡಿಯುವ ಪುಟ್ಟ ಸುತ್ತಿಗೆ, ಇರುತ್ತದೆ. ಅದು ಎದ್ದಿದೆಯೋ ಮಲಗಿದೆಯೋ ಕಣ್ಣಿಗೆ ಕಾಣುತ್ತದೆ. ಈ ಪಿಸ್ತೂಲುಗಳಿಗೆ ಹೊರಗೆ ಕುದುರೆಯೇ ಇಲ್ಲ. ಒಳಗೊಂದು ಉಕ್ಕಿನ ಸೂಜಿ, ಅದರ ಬೆನ್ನಿಗೆ ಸ್ಪ್ರಿಂಗು. ಆ ಸೂಜಿಯನ್ನು ಹಿಂದಕ್ಕೆ ತಡೆದು ಹಿಡಿಯುವುದು ಭತ್ತದ ಕಾಳಿನಷ್ಟು ಮೂತಿ ಇರುವ ಒಂದು ಕೊಂಡಿ. ಟ್ರಿಗರ್ ಎಳೆದರೆ ಕೊಂಡಿ ಜಾರಿ, ಸೂಜಿ ಮುಂದಕ್ಕೆ ನುಗ್ಗಿ ತೋಟಾಕ್ಕೆ ಬಡಿಯುತ್ತದೆ. ಎಲ್ಲವೂ ಒಳಗೇ. "ಮನಸ್ಸಿನಲ್ಲಿ ಏನಿದೆ ಅಂತ ತೋರಿಸದ ಜಾತಿ ಕಣೋ ಇದು" ಅನ್ನುತ್ತಿದ್ದರು ಸಾಹೇಬರು.

ಅರಸಿನವರು ಹಿಂದೆ ಅರಮನೆಯ ಬೇಟೆ ಕ್ಯಾಂಪುಗಳ ಉಸ್ತುವಾರಿ ನೋಡಿಕೊಂಡಿದ್ದವರು. ನಿವೃತ್ತರಾಗಿ ಚಾಮರಾಜಪುರಂನ ಸ್ವಂತ ಮನೆಯಲ್ಲಿದ್ದರು. ಕಾಲರು ಮುಚ್ಚಿದ ಕೋಟು, ಪೇಟ, ಕೈಯಲ್ಲಿ ಬೆತ್ತ. ಜಟಕಾದಿಂದ ಇಳಿದರೆ ಓಣಿಯವರೆಲ್ಲ ಎದ್ದು ನಿಲ್ಲುತ್ತಿದ್ದರು. ನಾವು ಹಳ್ಳಿಯವರು ಅವರನ್ನು "ಬುದ್ಧೀ" ಅಂತಲೇ ಕರೆಯುತ್ತಿದ್ದದ್ದು.

ಮೊದಲ ಸಲ ಬಂದಾಗ ಪಿಸ್ತೂಲನ್ನು ಮೇಜಿನ ಮೇಲಿಟ್ಟು, "ನಿನ್ನೆ ಎಳೆದರೆ ಬಂಡೆ, ಇವತ್ತು ಎಳೆದರೆ ಬೆಣ್ಣೆ. ಇದನ್ನ ನಂಬ್ಕೊಂಡು ನಾನು ಮನೆ ಕಾಯೋದು ಹೇಗಯ್ಯಾ?" ಅಂದರು.

"ಚಾಮರಾಜಪುರಂನಲ್ಲಿ ಕಳ್ಳರೇ ಬುದ್ಧೀ?" ಅಂದೆ.

"ದಿನಾ ಸಂಜೆ ಒಬ್ಬ ಬರ್ತಾನೆ. ಬಿಳೀ ಷರಟು, ಕಂಕುಳಲ್ಲಿ ಚೀಲ. ಸೀದಾ ಒಳಗೆ ಬರ್ತಾನೆ, ಹೆದರಿಕೆಯೇ ಇಲ್ಲ" ಅಂದರು.

ಹಗಲು ಕಳ್ಳರ ಧೈರ್ಯ ಎಷ್ಟು ಹೆಚ್ಚಿದೆ ಅಂತ ನಾನೂ ಸಾಹೇಬರೂ ಮಾತಾಡಿಕೊಂಡೆವು.

ಟ್ರಿಗರ್ ಎಷ್ಟು ಬಿಗಿ ಅಂತ ಮೊದಲೆಲ್ಲ ಸಾಹೇಬರು ಬೆರಳಿನಲ್ಲೇ ಹೇಳುತ್ತಿದ್ದರು. ಆಗತಾನೇ ನಾವೊಂದು ಸ್ಪ್ರಿಂಗ್ ತಕ್ಕಡಿ ತಂದಿದ್ದೆವು. ಅದರ ಕೊಕ್ಕೆಯನ್ನು ಟ್ರಿಗರಿಗೆ ಹಾಕಿ ಎಳೆದರೆ ಎಷ್ಟು ಪೌಂಡಿಗೆ ಬಿಟ್ಟಿತು ಅಂತ ಮುಳ್ಳು ತೋರಿಸುತ್ತದೆ. ಖಾಲಿ ಪಿಸ್ತೂಲಿಗೆ ತಗುಲಿಸಿ ಎಳೆದು ನೋಡಿದೆ. ಒಮ್ಮೆ ಎಂಟು ಪೌಂಡು. ಮತ್ತೊಮ್ಮೆ ಮುಳ್ಳು ಅಲುಗುವುದರೊಳಗೇ ಟಿಕ್ ಅಂತ ಬಿಟ್ಟಿತು. ಮೂರನೇ ಸಲ ಬಿಡಲೇ ಇಲ್ಲ. ಯಾವಾಗಲೂ ಬಿಗಿ ಇರುವ ಟ್ರಿಗರನ್ನು ನಿಭಾಯಿಸಬಹುದು, ಯಾವಾಗಲೂ ಸಡಿಲ ಇರುವುದಕ್ಕೂ ಹುಷಾರಾಗಿರಬಹುದು. ಒಂದೊಂದು ಸಲ ಒಂದೊಂದು ಥರ ಇರುವುದು ಮಾತ್ರ ಯಾರನ್ನಾದರೂ ತಿಂದೇ ತಿನ್ನುತ್ತದೆ.

ಬಿಚ್ಚಿ ನೋಡಿದರೆ ಒಳಗೆಲ್ಲ ಕಂದು ಬಣ್ಣದ ಜಿಗಟು. ಹಳೇ ಎಣ್ಣೆ ಒಣಗಿ ಹೀಗಾಗುವುದು ಮಾಮೂಲು. ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಹೊಸ ಎಣ್ಣೆ ಮುಟ್ಟಿಸಿ ಕೊಟ್ಟೆ. ತಿಂಗಳೊಳಗೆ ವಾಪಸು ಬಂತು. ಅದೇ ರೋಗ. ಈ ಸಲ ಮತ್ತೆ ತಿಕ್ಕಿ ತೊಳೆದು, ಕೊಂಡಿಯ ಕೆಳಗಿನ ಪುಟ್ಟ ಸ್ಪ್ರಿಂಗಿನ ಮೇಲೆ ಅನುಮಾನಪಟ್ಟು ಅದನ್ನು ಬದಲಾಯಿಸಿದೆ. ಕೊಂಡಿಯ ಮೂತಿಯನ್ನು ಭೂತಗನ್ನಡಿಯಲ್ಲಿ ನೋಡಿದೆ, ಸವೆದಿರಲಿಲ್ಲ. ತಕ್ಕಡಿ ಹಾಕಿದರೆ ಪ್ರತಿ ಸಲವೂ ಒಂದೇ ತೂಕ. ಸಮಾಧಾನವಾಯಿತು. ಮತ್ತೆ ಕೆಲವೇ ವಾರದಲ್ಲಿ ಜಟಕಾ ಬಂದು ಅಂಗಡಿ ಮುಂದೆ ನಿಂತಿತು.

"ಏನಯ್ಯಾ ನಂಜುಂಡ, ನಿನ್ನ ಕೈಗುಣ ಇಷ್ಟೇನಾ?" ಅಂದರು ಅರಸಿನವರು. ಸಾಹೇಬರು ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ.

ಕೈಯಲ್ಲಿದ್ದ ಬೇರೆ ಕೆಲಸ ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಪಿಸ್ತೂಲನ್ನು ಬಿಚ್ಚಿ, ಬಿಡಿ ಭಾಗಗಳನ್ನು ಒಂದು ಬಟ್ಟೆಯ ಮೇಲೆ ಹರಡಿ, ಅಂಗಡಿಗೆ ಬೀಗ ಹಾಕಿ ಹೋದೆವು. ಬೆಳಿಗ್ಗೆ ಬಂದು ನೋಡಿದರೆ ಮೇಜಿನ ಕಾಲಿನಿಂದ ಬಟ್ಟೆಯವರೆಗೆ ಕೆಂಪಿರುವೆಗಳು ಸಾಲುಗಟ್ಟಿವೆ! ನಳಿಗೆಯನ್ನು ಮುಟ್ಟಿಲ್ಲ, ಬೇರೆ ಕೋವಿಗಳ ಹತ್ತಿರ ಸುಳಿದಿಲ್ಲ. ಸೀದಾ ಕೊಂಡಿಯ ಮೇಲೆ, ಸೂಜಿಯ ಮೇಲೆ ಮುತ್ತಿಕೊಂಡಿವೆ. ಕೋವಿ ಎಣ್ಣೆಗೆ ಇರುವೆ ಬರುವುದನ್ನು ನಾನು ಕಂಡಿರಲಿಲ್ಲ. ಕೊಂಡಿಯನ್ನು ಊದಿ, ಉಗುರಿನಲ್ಲಿ ಕೆರೆದು ನಾಲಿಗೆಗೆ ಇಟ್ಟೆ.

ಬೆಲ್ಲ.

"ಸಾಹೇಬ್ರೇ, ಇದ್ರಲ್ಲಿ ಬೆಲ್ಲದ ಪಾಕ ಐತೆ" ಅಂದೆ. ಅವರು ನಂಬದೆ ತಾವೂ ನೆಕ್ಕಿ ನೋಡಿ, ಲವಂಗ ಉಗುಳಿದರು. "ಯಾ ಅಲ್ಲಾ! ಪಿಸ್ತೂಲಲ್ಲಿ ಯಾರೋ ಕಜ್ಜಾಯ ಮಾಡವ್ರಲ್ಲೋ!" ಅಂತ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಆದರೆ ರೋಗ ಈಗ ಅರ್ಥವಾಗಿತ್ತು. ಪಾಕ ಗಟ್ಟಿಯಾಗಿ ಕೊಂಡಿಯನ್ನು ಅಂಟಿಸಿಕೊಂಡರೆ ಎರಡು ಬೆರಳು ಹಾಕಿ ಎಳೆದರೂ ಬಿಡುವುದಿಲ್ಲ. ಅದೇ ಪಾಕದ ಒಂದು ಹರಳು ಕೊಂಡಿಯ ಸಂದಿಯಲ್ಲಿ ಕೂತರೆ, ಕೊಂಡಿ ಪೂರಾ ಕೂರದೆ ತುದಿಯಲ್ಲಷ್ಟೇ ಹಿಡಿದಿರುತ್ತದೆ. ಆಗ ಬೆರಳು ಸೋಕಿದರೂ ಜಾರುತ್ತದೆ. ಬಂಡೆಯೂ ಅದೇ, ಬೆಣ್ಣೆಯೂ ಅದೇ.

ಬಿಸಿನೀರಲ್ಲಿ ಎಲ್ಲವನ್ನೂ ತೊಳೆದೆ. ಒರೆಸಿ, ಒಣಗಿಸಿ, ಕೊಂಡಿಯ ಮೂತಿಗೆ ನಯವಾದ ಸಾಣೆಕಲ್ಲು ಒಂದೇ ಒಂದು ಸಲ ಆಡಿಸಿ, ಮತ್ತೆ ಜೋಡಿಸಿದೆ. ತಕ್ಕಡಿ ಹಾಕಿದೆ. ಎಷ್ಟು ಸಲ ಎಳೆದರೂ ಮುಳ್ಳು ಅದೇ ಗೆರೆಗೆ ಬಂದು ನಿಲ್ಲುತ್ತಿತ್ತು. ಅಷ್ಟು ಅಚ್ಚುಕಟ್ಟಾಗಿ ನಾನು ಯಾವ ಟ್ರಿಗರನ್ನೂ ಮಾಡಿರಲಿಲ್ಲ. ಸಾಹೇಬರು ತಾವೇ ಎಳೆದು ನೋಡಿ "ವಾಹ್" ಅಂದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ಅರಸಿನವರು ಬಂದರು. ನಾನು ಹೇಳಿದೆ, "ಬುದ್ಧೀ, ಇದರೊಳಗೆ ಬೆಲ್ಲ ಸೇರಿತ್ತು. ಎಂಗೆ ಬಂತೋ ಕಾಣೆ."

ಅವರು ಒಂದಿಷ್ಟೂ ಆಶ್ಚರ್ಯಪಡಲಿಲ್ಲ. "ಆನೆಗಳಿಗೆ ಇಟ್ಟಿದ್ದ ಬೆಲ್ಲ ಇರಬೇಕು" ಅಂದರು. "ಮಾವುತರಿಗೆ ಎಷ್ಟು ಸಲ ಹೇಳಿದ್ದೀನಿ, ಬೆಲ್ಲದ ಅಚ್ಚನ್ನ ಸಾಮಾನಿನ ಜೊತೆ ಇಡಬೇಡಿ ಅಂತ."

ಅವರು ಕ್ಯಾಂಪು ಬಿಟ್ಟು ಎಷ್ಟೋ ವರ್ಷವಾಗಿತ್ತು. ದೊಡ್ಡವರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಗುತ್ತಾ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಅವರು ಜಟಕಾ ಹತ್ತಿ ಹೋದರು.

ಇನ್ನೂ ಬಿಸಿಲು ಇಳಿದಿರಲಿಲ್ಲ. ಮತ್ತೊಂದು ಜಟಕಾ ಬಂತು. ಅದರಿಂದ ಇಳಿದವರು ಅರಸಿನವರ ಹೆಂಡತಿ ಪುಟ್ಟಮ್ಮಣ್ಣಿಯವರು. ಅವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಂಥ ಮನೆತನದ ಹೆಂಗಸು ನಮ್ಮ ಓಣಿಗೆ ಬಂದದ್ದೇ ಸೋಜಿಗ. ಸೆರಗು ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ಮೆಟ್ಟಿಲ ಬಳಿಯೇ ನಿಂತು ಕೇಳಿದರು:

"ಅವರು ಬಂದಿದ್ರಾ? ಪಿಸ್ತೂಲು ಕೊಟ್ಬುಟ್ರಾ?"

"ಕೊಟ್ಟೆ ಅಮ್ಮ. ಈ ಸಲ ಏನೂ ತೊಂದ್ರೆ ಇಲ್ಲ. ಒಳಗಿದ್ದ ಬೆಲ್ಲಾನೆಲ್ಲ ತೆಗೆದಿದ್ದೀನಿ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಆ ಬೆಲ್ಲ ಹಾಕಿದ್ದು ನಾನೇ ಕಣಪ್ಪ" ಅಂದರು.

ಸಾಹೇಬರ ಕೈಯಲ್ಲಿದ್ದ ಅರ ಕೆಳಗೆ ಬಿತ್ತು. ಅಮ್ಮಣ್ಣಿಯವರು ನಿಂತೇ ಹೇಳಿದರು, ಒಂದೇ ಉಸಿರಿನಲ್ಲಿ. ಯಜಮಾನರಿಗೆ ಎರಡು ವರ್ಷದಿಂದ ಅರಳುಮರಳು. ಬೆಳಿಗ್ಗೆಯೆಲ್ಲ ಸರಿಯಾಗಿರುತ್ತಾರೆ, ಹೊತ್ತು ಇಳಿದಂತೆ ಯಾರ ಗುರುತೂ ಹತ್ತುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಮಗ ಸಂಜೆ ಮನೆಗೆ ಬಂದರೆ ಕಳ್ಳ ಅನ್ನುತ್ತಾರೆ. ಬಿಳೀ ಷರಟು, ಕಂಕುಳಲ್ಲಿ ಪುಸ್ತಕದ ಚೀಲ. ಒಂದು ದಿನ ಆ ಮಗನ ಎದೆಗೇ ಪಿಸ್ತೂಲು ಹಿಡಿದರು. ಅವತ್ತಿನಿಂದ ಮನೆಯವರೆಲ್ಲ ಹಿತ್ತಿಲ ಬಾಗಿಲಿಂದಲೇ ಓಡಾಡುವುದು.

ಆ ಕಳ್ಳನ ಮೇಲೆ ನಾವು ಇಲ್ಲೇ ಕೂತು ಎಷ್ಟು ಮಾತಾಡಿದ್ದೆವು!

"ಬಚ್ಚಿಡಬೌದಿತ್ತಲ್ಲಮ್ಮ?" ಅಂದರು ಸಾಹೇಬರು.

"ಬಚ್ಚಿಟ್ಟೆ. ಅಡಿಗೆಯವನೇ ಕದ್ದ ಅಂತ ಅವನ ಕುತ್ತಿಗೆ ಹಿಡಿದರು. ತೋಟಾದ ಪೆಟ್ಟಿಗೆ ಬೀಗದ ಕೈ ಅವರ ಉಡಿದಾರದಲ್ಲಿ. ನಾನೇನು ಮಾಡ್ಲಿ? ಮೊದಲು ಹರಳೆಣ್ಣೆ ಬಿಟ್ಟೆ, ಇನ್ನೂ ನಯವಾಯ್ತು. ಆಮೇಲೆ ಮೊಮ್ಮಗನಿಗೆ ಹಾಲು ಕುಡಿಸೋ ಒಳಲೆಯಲ್ಲಿ ಬಿಸಿ ಪಾಕ ತಗೊಂಡು, ಅವರು ಸ್ನಾನಕ್ಕೆ ಹೋದಾಗ ತೊಟ್ಟುತೊಟ್ಟಾಗಿ ಒಳಗೆ ಬಿಟ್ಟೆ. ಬಿಗಿಯಾಗ್ಲಿ, ಎಳೆಯೋಕೆ ಆಗದೆ ಹೋಗ್ಲಿ ಅಂತ. ನೀವು ತಿಂಗಳಿಗೊಂದು ಸಲ ತೊಳೆದು ತೊಳೆದು ಕೊಡ್ತಿದ್ರಿ. ಇವತ್ತು ಮತ್ತೆ ಹಾಕೋಣ ಅಂದ್ರೆ ಅವರು ಸ್ನಾನಕ್ಕೆ ಹೋಗೋದು ಇನ್ನು ನಾಳೆ ಬೆಳಿಗ್ಗೆ."

"ನಮಗೊಂದು ಮಾತು ಹೇಳಬಾರದಿತ್ತಾ?"

"ಊರೆಲ್ಲ ಎದ್ದು ನಿಂತು ಕೈಮುಗಿಯೋ ಮನುಷ್ಯನಿಗೆ ಬುದ್ಧಿ ಕೆಟ್ಟಿದೆ ಅಂತ ನಾನು ಅಂಗಡಿ ಅಂಗಡಿಗೆ ಹೇಳ್ಲಾ?"

ನನಗೆ ತಲೆಗೆ ಹೊಡೆದ ಹಾಗಾದದ್ದು ಇನ್ನೊಂದು ವಿಷಯಕ್ಕೆ. ಆಕೆ ಟ್ರಿಗರನ್ನು ಬಂಡೆ ಮಾಡುತ್ತಿದ್ದೇನೆ ಅಂದುಕೊಂಡಿದ್ದರು. ಅರ್ಧಕ್ಕರ್ಧ ಸಲ ಅದು ಬೆಣ್ಣೆಯಾಗುತ್ತಿತ್ತು ಅನ್ನುವುದು ಆಕೆಗೆ ತಿಳಿದಿರಲಿಲ್ಲ. ಆ ಮಗ ಇಷ್ಟು ದಿನ ಉಳಿದದ್ದು ಬೆಲ್ಲದಿಂದಲ್ಲ, ದೈವದಿಂದ. ಅದನ್ನು ನಾನು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

"ಕಾಲೇಜು ಬಿಡೋ ಹೊತ್ತಾಯ್ತು" ಅಂದರು ಅಮ್ಮಣ್ಣಿಯವರು. ಆ ಮಾತು ಕೇಳಿದ್ದೇ ನಾನು ಸೈಕಲ್ ಹತ್ತಿದೆ. ಏನಾದರೂ ನೆಪ ಹೇಳಿ, ಸ್ಪ್ರಿಂಗು ಹಾಕುವುದು ಮರೆತೆ ಅಂತಲೋ ಏನೋ ಹೇಳಿ, ಪಿಸ್ತೂಲನ್ನು ವಾಪಸು ತರುವುದು ಅಂತ ನನ್ನ ಯೋಚನೆ. ಅಮ್ಮಣ್ಣಿಯವರು ಹಿಂದಿನಿಂದ ಏನೋ ಕೂಗಿದರು. ನನಗೆ ಕೇಳಿಸಲಿಲ್ಲ. ಹಿತ್ತಿಲ ಕಡೆಯಿಂದ ಹೋಗಿ ಅಂತ ಕೂಗಿದ್ದರಂತೆ.

ನಾನು ಮುಂದಿನ ಗೇಟಿನಿಂದಲೇ ಹೋದೆ.

ಅರಸಿನವರು ಮುಂಭಾಗದ ಜಗುಲಿಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಮುಖದ ಮೇಲೆ ಬಿಸಿಲು ಬಿದ್ದಿತ್ತು. ತೊಡೆಯ ಮೇಲೆ ನಾನು ಸುತ್ತಿಕೊಟ್ಟಿದ್ದ ಬಟ್ಟೆ, ಕೈಯಲ್ಲಿ ಪಿಸ್ತೂಲು. ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ ಎರಡು ಹೆಜ್ಜೆ ಇಟ್ಟೆ.

"ಯಾರವನು?"

"ನಾನು ಬುದ್ಧೀ, ನಂಜುಂಡ. ಕೋವಿ ಅಂಗಡಿಯೋನು. ಮಧ್ಯಾಹ್ನ ಬಂದಿದ್ರಲ್ಲ."

"ಕೋವಿ ಕದಿಯೋಕೆ ಬಂದೆಯಾ?"

ಅವರು ಎದ್ದು ನಿಂತರು. ಅಷ್ಟು ವಯಸ್ಸಾದವರ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಬೇಟೆಯಲ್ಲಿ ಪಳಗಿದ ಕೈ. ಅವರ ಕಣ್ಣಿನಲ್ಲಿ ನಾನು ಇರಲೇ ಇಲ್ಲ. ನನ್ನ ಜಾಗದಲ್ಲಿ ಬೇರೆ ಯಾರೋ ಇದ್ದರು. ಬೇರೆ ಯಾರಾದರೂ ಆ ಜಾಗದಲ್ಲಿ ನಿಂತಿದ್ದರೆ, ಹಾರಲಿಕ್ಕಿಲ್ಲ, ಗುರಿ ತಪ್ಪಬಹುದು ಅಂತ ಒಂದು ಆಸೆಯಾದರೂ ಇಟ್ಟುಕೊಳ್ಳುತ್ತಿದ್ದರೇನೋ. ನನಗೆ ಆ ಆಸೆಯೂ ಇರಲಿಲ್ಲ. ಆ ಬೆರಳು ಎಷ್ಟು ಒತ್ತಿದರೆ ಕೊಂಡಿ ಜಾರುತ್ತದೆ ಅಂತ ಬೆಳಿಗ್ಗೆ ನಾನೇ ತೂಗಿ ನೋಡಿದ್ದೆ. ಬೆರಳಿನ ಗೆಣ್ಣು ಬೆಳ್ಳಗಾಗುವುದು ಕಾಣಿಸಿತು. ಪಕ್ಕಕ್ಕೆ ಹೊರಳಿದೆ.

ಚಟ್ ಅಂತ ಸದ್ದು. ಒಣಗಿದ ಸೌದೆ ಮುರಿದಷ್ಟೇ. ಎಡತೋಳಿಗೆ ಯಾರೋ ಕಲ್ಲು ಬೀರಿದ ಹಾಗಾಯಿತು. ನೋವಿಲ್ಲ. ಷರಟು ಬಿಸಿಯಾಗಿ ಒದ್ದೆಯಾಗುತ್ತಿತ್ತು. ನಾನು ನನ್ನ ತೋಳನ್ನೇ ನೋಡುತ್ತಾ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅಷ್ಟರಲ್ಲಿ ಅರಸಿನವರು ಓಡಿಬಂದರು. ಮುಖವೇ ಬೇರೆಯಾಗಿತ್ತು, ಮಧ್ಯಾಹ್ನ ಅಂಗಡಿಯಲ್ಲಿ ಕಂಡ ಮುಖ. "ಅಯ್ಯೋ ನಂಜುಂಡ! ಏನಯ್ಯಾ ಇದು ರಕ್ತ!" ಅಂದವರೇ ಹೆಗಲ ಮೇಲಿನ ಅಂಗವಸ್ತ್ರ ತೆಗೆದು ನನ್ನ ತೋಳಿಗೆ ಬಿಗಿಯಾಗಿ ಸುತ್ತಿದರು. ಪಿಸ್ತೂಲು ಅವರ ಕೈಯಲ್ಲೇ ಇತ್ತು. ಗಂಟು ಹಾಕುವಾಗ ಅದರ ಮೂತಿ ನನ್ನ ಪಕ್ಕೆಗೆ ತಾಗುತ್ತಿತ್ತು.

"ಯಾರಯ್ಯಾ ನಿನಗೆ ಹೊಡೆದದ್ದು? ಹೇಳು, ಯಾರು?"

ನನಗೆ ಗುಂಡು ತಾಗಿದ್ದಕ್ಕಿಂತ ಈ ಪ್ರಶ್ನೆ ಹೆಚ್ಚು ತಾಗಿತು. ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ.

"ಇಲ್ಲೇ ಎಲ್ಲೋ ಇದ್ದಾನೆ" ಅಂತ ಅವರು ಎದ್ದರು. ಕಾಂಪೌಂಡಿನ ಸುತ್ತ ಕಣ್ಣಾಡಿಸಿದರು. ಗೇಟಿನ ಹತ್ತಿರ ಜಟಕಾ ಬಂದು ನಿಂತಿತು. ಗಾಡಿಯವನು ಇಳಿದು ಕುದುರೆಯ ಲಗಾಮು ಹಿಡಿಯುತ್ತಿದ್ದ. ಅರಸಿನವರು ಪಿಸ್ತೂಲು ಎತ್ತಿ ಅವನ ಕಡೆ ತಿರುಗಿದರು. ನಾನು ಕೂಗಬೇಕು ಅಂದುಕೊಂಡೆ. ಕೂಗಿದರೆ ಆ ಬೆರಳು ಬಿಗಿದೀತು ಅಂತ ತಡೆದೆ.

ಪುಟ್ಟಮ್ಮಣ್ಣಿಯವರು ಜಟಕಾದಿಂದ ಇಳಿದು ಸೀದಾ ಗಂಡನ ಎದುರಿಗೆ ಬಂದು ನಿಂತರು. ಮೆಟ್ಟಿಲ ಮೇಲಿನ ರಕ್ತ ನೋಡಿದರು, ನನ್ನನ್ನು ನೋಡಿದರು.

"ಯಾರನ್ನ ಹುಡುಕ್ತಿದ್ದೀರಿ?"

"ಇವನಿಗೆ ಹೊಡೆದವನನ್ನ. ಬಿಡೋದಿಲ್ಲ."

"ನಾನೇ ಹೊಡೆದದ್ದು" ಅಂದರು ಆಕೆ.

ಅರಸಿನವರ ಕೈ ನಿಧಾನವಾಗಿ ಕೆಳಗಿಳಿಯಿತು. "ನೀನಾ?"

"ಹ್ಞೂಂ. ಒರೆಸಿಡೋಣ ಅಂತ ತಗೊಂಡೆ. ಕೈತಪ್ಪಿ ಹಾರಿಬಿಡ್ತು."

ಅವರು ತಮ್ಮ ಕೈಯಲ್ಲಿದ್ದ ಪಿಸ್ತೂಲನ್ನು ನೋಡಿಕೊಂಡರು. ಬಹಳ ಹೊತ್ತು ನೋಡಿದರು. "ಹಾಗಾದರೆ ಇದನ್ನ ನಾನು ನಿನ್ನ ಕೈಯಿಂದ ಕಿತ್ತುಕೊಂಡೆನೋ?"

"ನೀವೇ ಕಿತ್ತುಕೊಂಡಿರಿ. ಇಲ್ಲದಿದ್ರೆ ಇನ್ನೊಂದು ಹಾರ್ತಿತ್ತು."

ಅವರು ತಲೆಯಾಡಿಸಿದರು. ಬೆರಳುಗಳು ತಾವೇ ಕೆಲಸ ಮಾಡಿದವು: ತೋಟಾದ ಗೂಡನ್ನು ಕಳಚಿದರು, ನಳಿಗೆಯಲ್ಲಿ ಉಳಿದಿದ್ದ ಒಂದನ್ನು ಹೊರಕ್ಕೆ ಹಾರಿಸಿದರು, ಇಣುಕಿ ನೋಡಿದರು. ಅಷ್ಟು ಕ್ರಮವಾಗಿ ನಾನು ಕೂಡ ಮಾಡುತ್ತಿರಲಿಲ್ಲ. ಆಮೇಲೆ ಪಿಸ್ತೂಲನ್ನು ಕೋಟಿನ ಜೇಬಿಗೆ ಹಾಕಿಕೊಂಡು, "ಹೆಂಗಸರು ಮುಟ್ಟೋ ಸಾಮಾನಲ್ಲ ಅದು ಅಂತ ಎಷ್ಟು ಸಲ ಹೇಳಿದ್ದೆ ನಿನಗೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಭಯವಿತ್ತು.

ಅದೇ ಜಟಕಾದಲ್ಲಿ ನನ್ನನ್ನು ಆಸ್ಪತ್ರೆಗೆ ಕಳಿಸಿದರು. ಗುಂಡು ಮಾಂಸದಲ್ಲಿ ತೂರಿ ಹೋಗಿತ್ತು, ಮೂಳೆಗೆ ತಾಗಿರಲಿಲ್ಲ. ಗುಂಡಿನ ಗಾಯ ಅಂದಮೇಲೆ ಡಾಕ್ಟರು ಪೊಲೀಸರಿಗೆ ಹೇಳಿಕಳಿಸಿದರು. ಇನ್ಸ್‌ಪೆಕ್ಟರು ಬಂದಾಗ ಸಾಹೇಬರೂ ಅಲ್ಲೇ ಇದ್ದರು. ನಾನು ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಇನ್ಸ್‌ಪೆಕ್ಟರಿಗೆ ಅರಸಿನವರ ಪರಿಚಯವಿತ್ತು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಬೇಕೂಂತ ಮಾಡಿದ್ದಲ್ಲ, ಸರಿ. ಆದ್ರೆ ಆ ಪಿಸ್ತೂಲು ಅವರ ಜೇಬಲ್ಲಿ ಇರೋ ಹಾಗಿಲ್ಲ" ಅಂದರು. "ನಾಳೆ ಬೆಳಿಗ್ಗೆ ಇಬ್ಬರು ಪೇದೆಗಳನ್ನ ಕರ್ಕೊಂಡು ಅಂಗಡಿ ಹತ್ರ ಬರ್ತೀನಿ. ಸಾಹೇಬ್ರು ಜೊತೆಗೆ ಬರಬೇಕು."

"ಅವರು ಕೊಡ್ತಾರಾ ಸ್ವಾಮಿ?" ಅಂದೆ.

"ಕೊಡದಿದ್ರೆ ಕಿತ್ಕೋಬೇಕು" ಅಂದರು. ಅಂದರೂ ಅವರ ಮುಖ ಬೇರೆಯೇ ಹೇಳುತ್ತಿತ್ತು. ನಾಲ್ವರು ಬಾಗಿಲಲ್ಲಿ ನಿಂತು ಪಿಸ್ತೂಲು ಕೇಳುವಾಗ ಗುರುತು ತಪ್ಪಿಬಿಟ್ಟರೆ ಆ ಮನುಷ್ಯ ಏನು ಮಾಡುತ್ತಾರೆ ಅನ್ನುವುದು ನಮ್ಮೆಲ್ಲರಿಗೂ ಗೊತ್ತಿತ್ತು.

ಸಾಹೇಬರು ನನ್ನನ್ನು ಮನೆಗೆ ಬಿಡಲು ಬಂದರು. ದಾರಿಯುದ್ದಕ್ಕೂ ಅವರ ಬಾಯಲ್ಲಿ ಲವಂಗವಿರಲಿಲ್ಲ. ಮನೆ ಬಾಗಿಲಲ್ಲಿ ಹೇಳಿದರು, "ಕೋವೀನ ಕೇಳು ಅಂತ ನಿನಗೆ ಕಲಿಸ್ದೆ. ಬೆಲ್ಲ ಹಾಕೋ ಕೈ ಯಾರದು ಅಂತ ನಾನೂ ಕೇಳ್ಲಿಲ್ಲ ನೋಡು. ಇರುವೆ ಕಂಡು ನಕ್ಕೆ." ಆಮೇಲೆ ಅಂಗಡಿ ಇರುವಷ್ಟು ಕಾಲವೂ, ರಿಪೇರಿಗೆ ಬಂದ ಪ್ರತಿಯೊಬ್ಬರನ್ನೂ ನಾವು ಮೊದಲು ಕೇಳುತ್ತಿದ್ದದ್ದು ಒಂದೇ: ಮನೇಲಿ ಇದನ್ನ ಬೇರೆ ಯಾರು ಮುಟ್ತಾರೆ? ಎಷ್ಟೋ ಜನ ಸಿಡುಕಿದರು. ಕೇಳುವುದನ್ನು ಮಾತ್ರ ಬಿಡಲಿಲ್ಲ. ಈಗಿನ ಹುಡುಗರಿಗೆ ನಾನು ಹೇಳುವುದೂ ಇದನ್ನೇ. ಕೋವಿಯ ರೋಗವೆಲ್ಲ ಕೋವಿಯಲ್ಲೇ ಇರುವುದಿಲ್ಲ.

ಮರುದಿನ ಬೆಳಿಗ್ಗೆ ತೋಳನ್ನು ಕುತ್ತಿಗೆಗೆ ಕಟ್ಟಿಕೊಂಡು ನಾನೂ ಅಂಗಡಿಗೆ ಹೋದೆ. ನನ್ನ ಹೆಂಡತಿ ಬೇಡ ಅಂತ ಅತ್ತಳು. ಮನೆಯಲ್ಲಿ ಕೂತಿರಲು ನನಗೆ ಆಗಲಿಲ್ಲ. ಇನ್ಸ್‌ಪೆಕ್ಟರು ಇನ್ನೂ ಬಂದಿರಲಿಲ್ಲ. ಓಣಿಯ ಬಾಯಿಗೆ ಜಟಕಾ ಬಂತು. ಅರಸಿನವರು ಇಳಿದರು. ಹಿಂದೆ ಅಮ್ಮಣ್ಣಿಯವರು. ಓಣಿಯವರು ಎಂದಿನಂತೆ ಎದ್ದು ನಿಂತರು. ಆದರೆ ಅವತ್ತು ಎಲ್ಲರ ಕಣ್ಣೂ ಆಕೆಯ ಮೇಲೆ. "ಇವ್ರೇ ಅಂತೆ ಗುಂಡು ಆರಿಸಿದ್ದು" ಅಂತ ಯಾರೋ ಪಿಸುಗುಟ್ಟಿದ್ದು ನನಗೇ ಕೇಳಿಸಿತು, ಆಕೆಗೂ ಕೇಳಿಸಿರಬೇಕು. ಹಿಂದಿನ ಸಂಜೆ ಅರಸಿನವರೇ ಅಕ್ಕಪಕ್ಕದವರಿಗೆಲ್ಲ ನೊಂದುಕೊಂಡು ಹೇಳಿದ್ದರಂತೆ. ಆಕೆ ಯಾರ ಮುಂದೆಯೂ ಅಲ್ಲ ಅನ್ನಲಿಲ್ಲವಂತೆ.

ಬೆಳಗಿನ ಹೊತ್ತು. ಅರಸಿನವರು ಚೆನ್ನಾಗಿಯೇ ಇದ್ದರು. ನನ್ನ ತೋಳು ನೋಡಿ ತುಟಿ ಕಚ್ಚಿಕೊಂಡರು. "ನೋವಿದೆಯಾ?" ಅಂದರು.

"ಇಲ್ಲ ಬುದ್ಧೀ."

ಅವರು ಜೇಬಿನಿಂದ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟರು. ತೋಟಾದ ಪೆಟ್ಟಿಗೆಯನ್ನೂ ಇಟ್ಟರು. ಉಡಿದಾರದಿಂದ ಬೀಗದ ಕೈ ಬಿಚ್ಚಿ ಅದರ ಮೇಲಿಟ್ಟರು.

"ಸಾಹೇಬ್ರೇ, ಇದು ನಿಮ್ಮಲ್ಲೇ ಇರಲಿ. ನಮ್ಮ ಮನೇಲಿ ಇನ್ನು ಇದು ಇರೋದು ಕ್ಷೇಮ ಅಲ್ಲ."

ಸಾಹೇಬರು ಎರಡೂ ಕೈಯಿಂದ ತೆಗೆದುಕೊಂಡರು. ಅಮ್ಮಣ್ಣಿಯವರು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು. ಅರಸಿನವರು ಒಮ್ಮೆ ಹಿಂದಕ್ಕೆ ನೋಡಿ, ನನ್ನ ಹತ್ತಿರ ಬಗ್ಗಿ, ಆಕೆಗೆ ಕೇಳಿಸಬಾರದು ಅಂತ ದನಿ ತಗ್ಗಿಸಿ ಹೇಳಿದರು:

"ಅವಳು ಬಂದು ಕೇಳಿದರೆ ಕೊಡಬೇಡ ನಂಜುಂಡ. ಅತ್ತರೂ ಕೊಡಬೇಡ. ಅವಳಿಗೆ ಈಚೆಗೆ ಮರೆವು. ಏನು ಮಾಡ್ತಾ ಇದ್ದೀನಿ ಅಂತ ಅವಳಿಗೇ ಗೊತ್ತಾಗೋದಿಲ್ಲ. ನಿನಗೆ ಹೊಡೆದದ್ದನ್ನೂ ಇವತ್ತು ನೆನಪಿಲ್ಲ ಅಂದರೆ ಬೇಜಾರು ಮಾಡ್ಕೋಬೇಡ."

ಬಾಗಿಲ ಬಳಿ ಅಮ್ಮಣ್ಣಿಯವರಿಗೆ ಎಲ್ಲವೂ ಕೇಳಿಸುತ್ತಿತ್ತು. ಆಕೆ ಕದಲಲಿಲ್ಲ.

"ಆಗ್ಲಿ ಬುದ್ಧೀ" ಅಂದೆ.

"ಯಾರಿಗೂ ಹೇಳಬೇಡ. ನಾನು ನೋಡ್ಕೋತೀನಿ" ಅಂದರು. ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿ, ಹೋಗಿ ಹೆಂಡತಿಯ ಕೈ ಹಿಡಿದರು. "ನಿಧಾನ, ಮೆಟ್ಟಿಲಿದೆ" ಅಂತ ಹೇಳುತ್ತಾ, ಓಣಿಯವರೆಲ್ಲ ನೋಡುತ್ತಿರುವಂತೆಯೇ, ಮಗುವನ್ನು ಇಳಿಸುವ ಹಾಗೆ ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದರು.